ಬಾಕಿ ಉಳಿದ ಬನ್ನಿ

ನಮಗೆ ಇತಿಹಾಸ ಕಲಿಸುತ್ತಿದ್ದ ಅಕ್ಕೋರಿಗೆ ಎರಡೂ ಕೈಯಲ್ಲಿ ಬರೆಯಲು ಬರುತ್ತಿತ್ತು. ಹುಟ್ಟಾ ಎಡಚಿ. ಸಣ್ಣವರಿದ್ದಾಗ ಗೆಣ್ಣಿನ ಮೇಲೆ ಏಟು ಕೊಟ್ಟು ಬಲಗೈಗೆ ಬಳಪ ಹಿಡಿಸಿದ್ದರಂತೆ. ಏಟು ತಿಂದ ಕೈ ಮರೆಯಲಿಲ್ಲ, ಇನ್ನೊಂದು ಹೊಸದಾಗಿ ಕಲಿಯಿತು. ಹತ್ತನೇ ತರಗತಿಯಲ್ಲಿ ಶೀತಲ ಸಮರದ ಪಾಠ ಬಂದ ದಿನ ಅವರು ಹಲಗೆಯ ನಟ್ಟನಡುವೆ ನಿಂತು ಬಲಗೈಯಿಂದ ಅಮೆರಿಕ ಎಂದೂ ಎಡಗೈಯಿಂದ ರಷ್ಯಾ ಎಂದೂ ಒಟ್ಟಿಗೇ ಬರೆದರು. ಕಾಲು ಕದಲಲಿಲ್ಲ. ನಾವು ಬಾಯಿ ತೆರೆದು ನೋಡಿದೆವು.

ಅವರ ತವರು ಹುಕ್ಕೇರಿ, ಗಂಡನ ಮನೆ ತುಕ್ಕಾನಟ್ಟಿ. ಅಲ್ಲಿಂದ ಬಸ್ಸು ಹಿಡಿದು ಕುಲಗೋಡದ ನಮ್ಮ ಹೈಸ್ಕೂಲಿಗೆ ಬರುವಷ್ಟರಲ್ಲಿ ಸೆರಗಿನ ತುಂಬ ಧೂಳು. ಅದನ್ನು ಕೊಡವಿ, ಚೀಲದಿಂದ ಒಂದು ಹಿಡಿ ಹುರಿದ ಶೇಂಗಾ ಬಾಯಿಗೆ ಹಾಕಿಕೊಂಡೇ ಪಾಠ ಶುರು ಮಾಡುತ್ತಿದ್ದರು. ನಮ್ಮಪ್ಪನಿಗೂ ಕಾಕಾನಿಗೂ ಕಲಿಸಿದವರು ಅವರೇ. “ನಿಮ್ಮಪ್ಪ ಲೆಕ್ಕದಾಗ ಶಾಣ್ಯಾ, ಇತಿಹಾಸದಾಗ ಕೋಣ” ಎಂದು ತುಂಬಿದ ತರಗತಿಯಲ್ಲೇ ನನಗೆ ಹೇಳಿದ್ದರು. ಮನೆಗೆ ಬಂದು ಸಿಟ್ಟಿನಿಂದ ಅಪ್ಪನಿಗೆ ಹೇಳಿದರೆ, “ಖರೆ ಐತಿ ಬಿಡ” ಎಂದ.

ಅಪ್ಪ ಅಣ್ಣ, ಕಾಕಾ ತಮ್ಮ. ಹೊಲದ ಬದುವಿನ ಸಲುವಾಗಿ ಜಗಳವಾಗಿ, ಹಿರಿಯರ ಮನೆಯನ್ನು ಸೀಳಿ ಪಡಸಾಲೆಯಿಂದ ಅಂಗಳದವರೆಗೆ ಗೋಡೆ ಎದ್ದಿತ್ತು. ಮಾತು ನಿಂತಿತ್ತು. ಕಾಕಾ ಟ್ರ್ಯಾಕ್ಟರ್ ತಂದ, ಅಪ್ಪ ಅದಕ್ಕಿಂತ ದೊಡ್ಡದು ತಂದ. ಅಪ್ಪ ಅಂಗಳದ ಗೋಡೆಯ ಮೇಲೆ ಗಾಜಿನ ಚೂರು ನೆಡಿಸಿದ, ಕಾಕಾ ಅದರ ಮೇಲೆ ಮುಳ್ಳುತಂತಿ ಎಳೆಸಿದ. ಇರುವ ಹೊಲಕ್ಕೆ ಒಂದು ಜೋಡಿ ಎತ್ತು ಸಾಕಾಗಿತ್ತು! ನಡುವೆ ಅಜ್ಜಿ. ಒಂದು ತಿಂಗಳು ನಮ್ಮಲ್ಲಿ, ಒಂದು ತಿಂಗಳು ಅವರಲ್ಲಿ. ಒಂದು ಕಡೆ ಇದ್ದಾಗ ಇನ್ನೊಂದು ಕಡೆಯ ಹೊಸ್ತಿಲು ತುಳಿಯುವಂತಿಲ್ಲ. ಕಾಕಾನ ಮಗಳು ಮತ್ತು ನಾನು ಮನೆಯಲ್ಲಿ ವೈರಿಗಳು, ಸಾಲಿಯಲ್ಲಿ ಒಂದೇ ಬೆಂಚು, ಒಂದೇ ಬುತ್ತಿ.

ಆ ಪಾಠ ನಡೆದ ವಾರವೇ ಅಪ್ಪನೂ ಕಾಕಾನೂ ಕೊಡಲಿ ಹಿಡಿದು ಬದುವಿನ ಮೇಲೆ ಎದುರುಬದುರು ನಿಂತಿದ್ದರು. ಊರವರು ರಟ್ಟೆ ಹಿಡಿದು ಎಳೆದು ತಂದರು. ಅಕ್ಕೋರಿಗೆ ಸುದ್ದಿ ಮುಟ್ಟಿತ್ತೋ ಏನೋ. ಅಂದು ಕ್ಯೂಬಾದ ಬಿಕ್ಕಟ್ಟನ್ನು ಹೀಗೆ ಹೇಳಿದರು:

“ಇಬ್ಬರ ಕೈಯಾಗೂ ಕಡ್ಡಿಪೆಟ್ಟಗಿ, ನಿಂತದ್ದು ಒಂದ ಬಣವಿ ಮ್ಯಾಲ. ಯಾಕ ಗೀರಲಿಲ್ಲ, ಹೇಳ್ರಿ?”

“ಅಂಜಿದ್ರರಿ,” ಎಂದಿತು ಒಂದು ಹುಡುಗಿ.

“ಖರೆ. ಅಂಜಿದ್ದು ಛಲೋನ ಆತು. ಆದ್ರ ಬರೇ ಅಂಜಿಕಿ ಸಾಲಂಗಿಲ್ಲ. ಅದಕ್ಕ ಆಮ್ಯಾಲ ನಡುವ ಒಂದು ತಂತಿ ಎಳಕೊಂಡ್ರು, ನೇರ ಸುದ್ದಿ ಮುಟ್ಟಸಾಕ. ಆ ದಿನಮಾನದಾಗ ಬಾಂಬ್ ಬಿದ್ರ ಹೆಂಗಂತ ಅಲ್ಲಿ ಸಾಲಿ ಮಕ್ಕಳಿಗೆ ಡೆಸ್ಕಿನ ಕೆಳಗ ಅಡಗೂದು ಕಲಿಸ್ತಿದ್ರು. ಜಗಳ ದೊಡ್ಡವರದು, ಡೆಸ್ಕಿನ ಕೆಳಗ ಹೋದದ್ದು ಸಣ್ಣವರು.”

ಇಡೀ ತರಗತಿ ನಮ್ಮ ಬೆಂಚಿನತ್ತ ತಿರುಗಿತು. ನನಗೆ ನಾಚಿಕೆಯಾಯಿತು. ನಾಚಿಕೆಯಾದರೆ ನನ್ನ ಬಾಯಿ ಜೋರಾಗುತ್ತದೆ. “ಅಕ್ಕೋರ, ನಮ್ಮನ್ಯಾಗ ಅಮೆರಿಕ ಯಾರ್ರಿ?” ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. “ನಿಮ್ಮನ್ಯಾಗ ಒಬ್ಬ ಮುದುಕಿ ಅದಾಳ. ಆಕಿ ಬಗ್ಗೆ ಇಚಾರ ಮಾಡ,” ಎಂದರು.

ನಮ್ಮ ಕಡೆ ದಸರೆಗೆ ಬನ್ನಿ ಎಲೆ ಕೊಟ್ಟು “ಬಂಗಾರದಂಗ ಇರೂಣು” ಅನ್ನುವುದು ರೂಢಿ. ವೈರಿ ಕೊಟ್ಟರೂ ಒಲ್ಲೆ ಅನ್ನುವಂತಿಲ್ಲ. ಅದಕ್ಕೇ ಅಪ್ಪ, ಕಾಕಾ ಆ ದಿನ ಒಬ್ಬರ ಕಣ್ಣಿಗೊಬ್ಬರು ಬೀಳದಂತೆ ಬೇರೆ ಬೇರೆ ಓಣಿ ಹಿಡಿದು ಹೋಗುತ್ತಿದ್ದರು. ಆ ವರ್ಷ ಇಬ್ಬರೂ ಮನೆ ಬಿಡುವ ಮೊದಲೇ ಅಕ್ಕೋರು ಬಂದು ಎರಡು ಬಾಗಿಲುಗಳ ನಡುವೆ ಬೀದಿಯಲ್ಲಿ ನಿಂತರು. ಗುರುಗಳು ಬಂದಿದ್ದಾರೆ, ಒಳಗೆ ಕೂರುವುದು ಹೇಗೆ? ಇಬ್ಬರೂ ಬನ್ನಿ ಹಿಡಿದು ಓಡಿ ಬಂದರು. ಅಕ್ಕೋರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

“ನಂದು ಬಾಕಿ ಇರಲಿ. ನೀವಿಬ್ರು ಒಬ್ಬರಿಗೊಬ್ರು ಮಾತಾಡಿದ ದಿನ ತಗೋತೇನಿ.”

ಇಬ್ಬರೂ ನೆಲ ನೋಡಿದರು.

“ಆಗೂದಿಲ್ಲೇನು? ಆತು. ಹಂಗಾರ ಗ್ವಾಡ್ಯಾಗಿಂದು ಒಂದ ಇಟ್ಟಂಗಿ ತಗೀರಿ. ಅಂಥಾ ಅಮೆರಿಕ, ರಷ್ಯಾದವರಿಗೇ ತಂತಿ ಬೇಕಾತು. ನಿಮ್ಮವ್ವಗ ಒಂದು ಕಿಂಡಿ ಬ್ಯಾಡೇನು?”

ಬನ್ನಿಯನ್ನೇ ಒಲ್ಲೆ ಅನ್ನಿಸಿಕೊಂಡ ಮೇಲೆ ಇನ್ನೇನು ಉಳಿಯಿತು! ಅಪ್ಪ ಹಾರೆ ತಂದು ಈಚೆಯಿಂದ ಮೀಟಿದ. ಕಾಕಾ ಆಚೆಯಿಂದ ಇಟ್ಟಂಗಿ ಹಿಡಿದುಕೊಂಡ. ಒಂದು ಮಾತಿಲ್ಲ. ಅಜ್ಜಿ ಆ ಕಿಂಡಿಯಲ್ಲಿ ಕೈ ತೂರಿಸಿ, ಆಚೆ ಸಿಕ್ಕ ಮೊಮ್ಮಗಳ ಗಲ್ಲ ಹಿಡಿದು ಅತ್ತಳು. ಅಂದಿನಿಂದ ಅಲ್ಲಿ ಪಲ್ಯ ದಾಟಿತು, ಹೆಂಗಸರ ಮಾತು ದಾಟಿತು. ಗಂಡಸರ ಮಾತು ಮಾತ್ರ ದಾಟಲಿಲ್ಲ.

ನಿವೃತ್ತರಾದ ಮೇಲೂ ಪ್ರತಿ ದಸರೆಗೆ ಅಕ್ಕೋರು ಬರುತ್ತಿದ್ದರು. “ಮಾತಾಡಿದ್ರೇನು?” “ಇಲ್ರಿ.” “ಹಂಗಾರ ಬಾಕಿ.” ಶೇಂಗಾ ತಿಂದು, ಎರಡೂ ಮನೆಯ ಚಹಾ ಕುಡಿದು ಹೋಗುತ್ತಿದ್ದರು. ಒಮ್ಮೆ ಬಸ್ಸಿಗೆ ಬಿಡಲು ಹೋದಾಗ ನಾನು ತಡೆಯಲಾರದೆ, “ನೀವು ಸೋತ್ರಿ ಬಿಡ್ರಿ ಅಕ್ಕೋರ,” ಎಂದೆ.

“ಹುಚ್ಚಿ, ಕೊಡಲಿ ಮತ್ತ ಹೊರಗ ಬಂತೇನು? ಇಲ್ಲಲ. ಗೆಳೆತನ ಆಮ್ಯಾಲಿಂದು. ಮೊದಲ ಹೆಣ ಬೀಳಬಾರದು.”

ಈಗ ನಾನೂ ಮೂಡಲಗಿಯಲ್ಲಿ ಅದೇ ಪಾಠ ಹೇಳುತ್ತೇನೆ. ಬಣವಿ, ಕಡ್ಡಿಪೆಟ್ಟಿಗೆ ಎಲ್ಲ ಅವರದೇ.

ಹೋದ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ಅಪ್ಪ ತನ್ನ ಟ್ರ್ಯಾಕ್ಟರಿನಲ್ಲಿ, ಕಾಕಾ ತನ್ನದರಲ್ಲಿ ತುಕ್ಕಾನಟ್ಟಿಗೆ ಬಂದರು. ಅವರ ಹೊಲದಲ್ಲೇ ಕುಣಿ ತೋಡಿದ್ದರು. ಕುರ್ಚಿಯಲ್ಲಿ ಕೂರಿಸಿದ್ದ ಅಕ್ಕೋರ ಹಣೆಯಲ್ಲಿ ವಿಭೂತಿ, ಎಡಗೈಯಲ್ಲಿ ಇಷ್ಟಲಿಂಗ. ಬಲಗೈ ಮಾತ್ರ ಖಾಲಿ, ತೊಡೆಯ ಮೇಲೆ ಅಂಗಾತ ಬಿದ್ದಿತ್ತು.

ಅಪ್ಪ ಆ ಕೈಯನ್ನೇ ನೋಡುತ್ತ ನಿಂತಿದ್ದ. ಆಮೇಲೆ ಹೊಲದ ಬದುವಿಗೆ ಹೋಗಿ ಅಲ್ಲಿದ್ದ ಬನ್ನಿ ಗಿಡದಿಂದ ಒಂದು ಟೊಂಗೆ ಮುರಿದುಕೊಂಡು ಬಂದ. ಬಂದವನು ಕಾಕಾನ ಮುಂದೆ ನಿಂತ.

“ತಮ್ಮಾ,” ಎಂದ. “ನೀನೂ ಹಿಡಿ.”

ಕಾಕಾ “ಹೂಂ ಅಣ್ಣಾ,” ಎಂದು ಸಣ್ಣ ಹುಡುಗನಂತೆ ಅತ್ತುಬಿಟ್ಟ. ಇಬ್ಬರೂ ಒಂದೇ ಟೊಂಗೆ ಹಿಡಿದು ಹೋಗಿ ಅಕ್ಕೋರ ಬಲಗೈಯಲ್ಲಿ ಇಟ್ಟರು. ಬೆರಳು ಮಡಚಲು ಬರಲಿಲ್ಲ. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಕುಣಿಗೆ ಇಳಿಸಲು ಹೇಳುವವರೆಗೂ ಅದು ಬೀಳದಂತೆ ಇಬ್ಬರೂ ಒತ್ತಿ ಹಿಡಿದೇ ಇದ್ದರು.