ಎಣಿಸದೆ ಬಿಟ್ಟ ಸುತ್ತುಗಳು

ಭಾವನ ಕಾರು ನನ್ನ ಅಂಗಡಿಗೆ ಬಂದದ್ದು ಮಧ್ಯಾಹ್ನ ಎಂದು ಬರೆಯುತ್ತೇನೆ. ಬೆಳಿಗ್ಗೆಯೂ ಇದ್ದಿರಬಹುದು. ನನ್ನ ನೆನಪಿನಲ್ಲಿ ಅಂದು ಸುಡುವ ಬಿಸಿಲು, ಆದರೆ ಆ ಬಿಸಿಲನ್ನು ನಾನು ನಂಬುವುದಿಲ್ಲ. ನಂಬುವುದು ಇಷ್ಟನ್ನು ಮಾತ್ರ: ಸ್ಟೇರಿಂಗ್ ಮೇಲಿನ ಬಟನ್ನುಗಳು ಹೇಳಿದಂತೆ ಕೇಳುತ್ತಿರಲಿಲ್ಲ, ಹಾರ್ನ್ ಸತ್ತಿತ್ತು.

ಮಧುಗಿರಿಯಲ್ಲಿ ನನ್ನದು ಗಾಡಿಗಳ ವೈರಿಂಗ್ ಕೆಲಸದ ಅಂಗಡಿ. ಅಕ್ಕನ ಗಂಡ ಪಾವಗಡದವರು. ವಳ್ಳೂರಿನ ಸೋಲಾರ್ ಪಾರ್ಕಿನ ಕೆಲಸಕ್ಕೆ ಜನರನ್ನು ಕರೆದೊಯ್ದು ಬಿಡುವ ಕಾರು ಅವರದು.

“ಏನ್ಲಾ ಇದು, ಎಡಕ್ಕೆ ತಿರುಗ್ಸುದ್ರೆ ಹಾಡು ಜೋರಾಯ್ತದೆ, ಬಲಕ್ಕೆ ತಿರುಗ್ಸುದ್ರೆ ನಿಮ್ಮಕ್ಕಂಗೆ ಫೋನ್ ಓಯ್ತದೆ. ಹಾರ್ನ್ ಮಾತ್ರ ಯಾವ ಕಡೆ ತಿರುಗ್ಸುದ್ರೂ ಉಸಿರಿಲ್ಲ.”

“ಅಕ್ಕ ಏನಂತಾಳೆ ಭಾವ?”

“ಮದ್ವೆ ಆದಾಗ್ಲಿಂದ ಇಷ್ಟು ಸಲ ಫೋನ್ ಮಾಡಿರ್ಲಿಲ್ಲ ಅಂತಾಳೆ.”

ಇಬ್ಬರೂ ನಕ್ಕೆವು. ಫ್ಯೂಸ್ ನೋಡಿದೆ, ಸರಿಯಿತ್ತು. ಹಾರ್ನಿಗೆ ಕರೆಂಟು ಬಿಡುವ ರಿಲೇಯ ಹತ್ತಿರ ತಂತಿ ಮುಟ್ಟಿಸಿದೆ, ಹಾರ್ನ್ ಕೂಗಿತು. ಅಂದರೆ ಹಾರ್ನ್ ಸತ್ತಿಲ್ಲ, ಸ್ಟೇರಿಂಗಿನಿಂದ ಬರುವ ದಾರಿ ಕಡಿದಿದೆ. ಬ್ಯಾಟರಿ ಬಿಚ್ಚಿ, ಸ್ವಲ್ಪ ಹೊತ್ತು ಕಾದು, ಸ್ಟೇರಿಂಗ್ ಚಕ್ರ ಹೊರಗೆಳೆದೆ. ಅದರ ಹಿಂದೆ ಸ್ಪೈರಲ್ ಕೇಬಲ್ ಇರುತ್ತದೆ. ಒಂದು ಪ್ಲಾಸ್ಟಿಕ್ ಬಟ್ಟಲಿನೊಳಗೆ ಸುರುಳಿ ಸುತ್ತಿದ ತೆಳ್ಳನೆಯ ಪಟ್ಟಿ ಅದು. ಚಕ್ರ ತಿರುಗಿದಂತೆ ಸುತ್ತಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ. ಹಾರ್ನ್, ಹಾಡು, ಫೋನ್ ಎಲ್ಲಕ್ಕೂ ಅದೊಂದೇ ದಾರಿ. ಬಟ್ಟಲು ತೆರೆದೆ. ಪಟ್ಟಿ ಸವೆದಿರಲಿಲ್ಲ. ಎಳೆದು ಹರಿದಿತ್ತು.

ಹಾಗೆ ಹರಿಯುವುದಕ್ಕೆ ಕಾರಣ ಒಂದೇ. ಕೂರಿಸುವಾಗ ಸುರುಳಿಯನ್ನು ಒಂದು ತುದಿಯವರೆಗೆ ತಿರುಗಿಸಿ, ಇನ್ನೊಂದು ತುದಿಗೆ ಎಷ್ಟು ಸುತ್ತು ಎಂದು ಎಣಿಸಿ, ಅರ್ಧಕ್ಕೆ ಹಿಂದೆ ತರಬೇಕು. ತರದಿದ್ದರೆ ಒಂದು ಕಡೆ ಪಟ್ಟಿ ಸಾಲದೆ ಹೋಗುತ್ತದೆ. ಕೆಲವು ವಾರಗಳ ಹಿಂದೆ ಬೇರೊಂದು ರಿಪೇರಿಗೆಂದು ಇದೇ ಚಕ್ರ ಬಿಚ್ಚಿ ಕೂರಿಸಿದವನು ನಾನು. ಎಣಿಸಿದ್ದೆನೇ? ಎಣಿಸುವಾಗ ಯಾರೋ ಕರೆದರು ಎಂಬುದೊಂದು ನೆನಪು. ಎಣಿಸುವ ಅಗತ್ಯವಿಲ್ಲ, ಕೈಗೆ ಗೊತ್ತಾಗುತ್ತದೆ ಎಂದುಕೊಂಡೆ ಎಂಬುದು ಇನ್ನೊಂದು. ಮೊದಲನೆಯದು ನನಗೆ ಅನುಕೂಲವಾಗಿದೆ, ಆದ್ದರಿಂದಲೇ ಅನುಮಾನ.

“ಏನಾಗದೆ?” ಎಂದು ಭಾವ ಬಗ್ಗಿ ನೋಡಿದರು.

“ಹಳೇದಲ್ವಾ ಭಾವ, ಸವೆದೋಗದೆ,” ಎಂದೆ.

ನನ್ನ ತಪ್ಪು ಎಂದಿದ್ದರೆ ಕಾರನ್ನು ಇಟ್ಟುಕೊಂಡು, ಹೊಸ ಕೇಬಲ್ ಬರುವವರೆಗೆ ನನ್ನ ವ್ಯಾನು ಕೊಡಬೇಕಾಗುತ್ತಿತ್ತು. ಸವೆದಿದೆ ಎಂದದ್ದರಿಂದ ಗೇರಿನ ಪಕ್ಕ ಒಂದು ಕಾಲಿಂಗ್ ಬೆಲ್ ಸ್ವಿಚ್ಚು ಕೂರಿಸಿ, ಅದಕ್ಕೆ ಹಾರ್ನಿನ ತಂತಿ ಎಳೆದುಕೊಟ್ಟರೆ ಸಾಕಾಯಿತು. ಭಾವ ಒತ್ತಿದರು, ಕೂಗಿತು.

“ಬಾಗಿಲು ಯಾರು ತೆಗೀತಾರ್ಲಾ?” ಎಂದು ನಗುತ್ತಾ ಹೊರಟರು.

ನಾಲ್ಕನೆಯ ದಿನ ಕೊಡಿಗೇನಹಳ್ಳಿ ದಾಟಿದ ತಿರುವಿನಲ್ಲಿ, ಎರಡು ಎಮ್ಮೆ ಹೊಡೆದುಕೊಂಡು ವಯಸ್ಸಾದವರೊಬ್ಬರು ರಸ್ತೆಗಿಳಿದರು. ಕಾರಿಗೆ ಬೆನ್ನು ಹಾಕಿದ್ದರು. ನಮ್ಮ ಕಡೆ ಗಾಡಿ ಓಡಿಸುವವರಿಗೆ ಮೊದಲು ಕೈ, ಆಮೇಲೆ ಕಾಲು. ಹಾರ್ನ್ ಹೊಡೆದರೆ ಮುಂದಿದ್ದವರು ಸರಿಯುತ್ತಾರೆ, ಸರಿಯದಿದ್ದರೆ ಬ್ರೇಕು. ಭಾವನ ಅಂಗೈ ಸ್ಟೇರಿಂಗಿನ ನಡುವೆ ಬಡಿಯಿತು. ಮತ್ತೆ ಬಡಿಯಿತು. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ಮನುಷ್ಯ ಬಾನೆಟ್ಟಿನ ಮೇಲಿದ್ದರು. ಅಲ್ಲೇ ತೀರಿಕೊಂಡರು.

ಇದನ್ನು ನಾನು ಕಂಡಿಲ್ಲ. ಭಾವ ಹೇಳಿದ್ದು. ಆದರೂ ಬರೆಯುವಾಗ ಕಂಡವನ ಹಾಗೆ ಬರೆದಿದ್ದೇನೆ.

ಠಾಣೆಯ ಮುಂದೆ ಗಾಡಿ ಪರೀಕ್ಷಿಸಲು ಬಂದ ಅಧಿಕಾರಿ ಹಾರ್ನ್ ಎಲ್ಲಿ ಎಂದು ಕೇಳಿದರು. ಅವರಿಗೆ ಸ್ವಿಚ್ಚು ತೋರಿಸಿದವನು ನಾನೇ. ಒತ್ತಿದರು, ಸ್ಪಷ್ಟವಾಗಿ ಕೂಗಿತು. ಹಾರ್ನ್ ಕೆಲಸ ಮಾಡುತ್ತದೆ ಎಂದು ಬರೆದುಕೊಂಡರು. ಬರೆದದ್ದು ಸುಳ್ಳಲ್ಲ.

“ನೀನು ಹಾಕ್ಕೊಟ್ಟಿದ್ದು ನೆನಪೇ ಆಗ್ಲಿಲ್ಲ ಕಣ್ಲಾ,” ಎಂದರು ಭಾವ. “ತಪ್ಪು ನಂದೇ. ಕೋರ್ಟಲ್ಲೂ ಅಂಗೇ ಒಪ್ಕೊಂಬುಡ್ತೀನಿ.”

ಜಾಮೀನಿನ ಮೇಲೆ ಮನೆಗೆ ಬಂದ ಮೇಲೆ ಅವರು ಗಾಡಿ ಮುಟ್ಟಲಿಲ್ಲ. ಪೇಟೆಗೂ ನಡೆದೇ ಹೋಗುತ್ತಿದ್ದರು, ರಸ್ತೆ ಬಿಟ್ಟು ಚರಂಡಿಯ ಅಂಚಿನಲ್ಲಿ. ಕೇಸು ಕೋರ್ಟಿಗೆ ಬರುವ ಹಿಂದಿನ ವಾರ ನಾನು ಪಾವಗಡಕ್ಕೆ ಹೋಗಿ ಹೇಳಿದೆ. ಪಟ್ಟಿ ಸವೆದಿರಲಿಲ್ಲ, ಸುತ್ತು ಎಣಿಸಿ ಕೂರಿಸಬೇಕಿತ್ತು, ನಾನು ಕೂರಿಸಿದ್ದು ತಪ್ಪಾಗಿತ್ತು, ಗೊತ್ತಿದ್ದೂ ಸುಳ್ಳು ಹೇಳಿದೆ.

ಭಾವ ತಮ್ಮ ಅಂಗೈ ನೋಡಿಕೊಂಡರು.

“ಎಣಿಸಿರ್ಲಿಲ್ವಾ?”

“ಇಲ್ಲ ಅನ್ನಿಸ್ತದೆ.”

“ಅನ್ನಿಸ್ತದೆ ಅಂದ್ರೆ ಏನ್ಲಾ?”

“ಎಣಿಸಿರ್ಲಿಲ್ಲ ಭಾವ.”

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಅಳುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು.

“ಆ ಯಪ್ಪನ ಹೆಂಡ್ರು ಬಂದೋರ್ನೆಲ್ಲ ಅದನ್ನೇ ಕೇಳ್ತಾಳಂತೆ, ಹಾರ್ನ್ ಯಾಕೆ ಹೊಡೀಲಿಲ್ಲ ಅಂತ. ನಾನು ಹೋದ್ರೆ ಬಾಗಿಲಾಕ್ಕೊತಾರೆ. ನೀನು ಹೋಗಿ ಈಗ ನಂಗೆ ಹೇಳಿದಂಗೇ ಹೇಳ್ತೀಯಾ?”

ಆಗಲಿ ಎಂದೆ ಎಂದು ಬರೆಯಲು ಕೈ ಹೋಗುತ್ತಿದೆ. ನಾನು ಅಂದದ್ದು, “ನೋಡೋಣ ಭಾವ.”

ಅವರು ಎದ್ದು ಒಳಗೆ ಹೋದರು. ಕೊಡಿಗೇನಹಳ್ಳಿ ನನ್ನ ಅಂಗಡಿಯಿಂದ ದೂರವೇನಲ್ಲ, ಬೇಕಾದಷ್ಟು ಬಸ್ಸುಗಳಿವೆ. ಇನ್ನೂ ಹೋಗಿಲ್ಲ.