ಪಾರ್ಕ್ ಸಮಿತಿಗೆ ಜನ ಹುಡುಕಿದ ಬಸವರಾಜೇಶ್ವರಿ

ಬಸವರಾಜೇಶ್ವರಿಯವರು ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ವರ್ಷವೇ ಅವರ ಗಂಡ ತೀರಿಕೊಂಡರು. ಊರು ದಾವಣಗೆರೆ ಕಡೆಯದು. ಆದರೆ ಅರ್ಧ ಆಯಸ್ಸು ಬೆಂಗಳೂರಿನಲ್ಲೇ ಕಳೆದಿತ್ತು. ಮನೆ ಶ್ರೀಗಂಧದ ಕಾವಲ್‌ನಲ್ಲಿ, ಬೀದಿಯ ತುದಿಗೆ ಒಂದು ಪಾರ್ಕು. ಬೆಳಗಿನ ಹೊತ್ತು ಕಳೆಯಲೆಂದು ಅಲ್ಲಿಗೆ ಹೋಗುತ್ತಿದ್ದವರು ಒಣಗಿದ ಗಿಡಗಳಿಗೆ ನೀರು ಹಾಕತೊಡಗಿದರು. ಆಮೇಲೆ ಪಾರ್ಕ್ ಸಮಿತಿಯ ಕಾರ್ಯದರ್ಶಿಯಾದರು. ಮೂಲೆಯ ಹೊಂಗೆ ಮರಗಳೆಲ್ಲ ಅವರು ನೆಟ್ಟವು. ಹತ್ತಿರದ ಅಜ್ಜಿಯರು ಅವುಗಳ ಕೆಳಗೆ ಕೂತು ಅವರೆಕಾಯಿ ಬಿಡಿಸುವಷ್ಟು ನೆರಳಾಗಿತ್ತು.

ಸಮಿತಿಯಲ್ಲಿ ಏಳು ಜನ ಇರಬೇಕೆಂಬುದು ನಿಯಮ. ಇದ್ದವರಲ್ಲಿ ಕೆಲವರು ತೀರಿಕೊಂಡರು, ಕೆಲವರು ಮನೆ ಬದಲಿಸಿದರು. ಅಧ್ಯಕ್ಷ ಗಂಗಾಧರಯ್ಯನವರು ಮಂಡಿನೋವಿನಿಂದ ರಾಜೀನಾಮೆ ಕೊಟ್ಟರು. ಕೊನೆಗೆ ಉಳಿದವರು ಇಬ್ಬರೇ: ಬಸವರಾಜೇಶ್ವರಿ ಮತ್ತು ತಿಮ್ಮಯ್ಯ. ತಿಮ್ಮಯ್ಯ ಅಲ್ಲಿನ ಹಳೇ ಊರಿನವರು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈ ಬಡಾವಣೆ ಎದ್ದಿರುವುದು. ಸಮಿತಿ ಭರ್ತಿಯಾಗದಿದ್ದರೆ ಪಾರ್ಕಿನ ಉಸ್ತುವಾರಿ ಕೈತಪ್ಪುತ್ತದೆಂದು ತಿಳಿದಾಗ ಬಸವರಾಜೇಶ್ವರಿ ಮನೆ ಮನೆ ಸುತ್ತಿದರು.

"ಆಂಟಿ, ನಂಗೆ ಸಿಗೋದೇ ಒಂದು ಭಾನುವಾರ. ಗ್ರೂಪ್‌ಗೆ ಸೇರಿಸಿ, ಮೆಸೇಜ್ ನೋಡ್ತೀನಿ," ಎಂದಳು ಎದುರು ಮನೆಯ ನಿಖಿತಾ.

ತಮ್ಮ ಊರ ಕಡೆಯವರೇ ಆದ ರುದ್ರಮುನಿ ಕೂರಿಸಿ ಚಹಾ ಕೊಟ್ಟರು. "ನಿಮಗ ಇಲ್ಲ ಅನ್ನಾಕ ಆಗಂಗಿಲ್ರೀ. ಹೆಸರು ಬೇಕಾದ್ರ ಬರ್ಕೊಳ್ರಿ, ಮೀಟಿಂಗಿಗೆ ಮಾತ್ರ ಕರೀಬ್ಯಾಡ್ರಿ."

"ಬರೀ ಹೆಸರು ತಗೊಂಡು ಏನ್ ಮಾಡ್ಲಿ ಹೇಳ್ರಿ?" ಎಂದು ಬಸವರಾಜೇಶ್ವರಿ ಎದ್ದು ಬಂದರು.

ಅವರು ಸೋತು ಕೂತಿದ್ದಾಗ ತಿಮ್ಮಯ್ಯನವರೇ ದಾರಿ ತೋರಿಸಿದರು. "ನಮ್ ತಮ್ಮನ ಮಗ ಭೈರೇಶ ಇದಾನೆ ಕಣಮ್ಮ. ಹುಡುಗ್ರನ್ನ ಕರ್ಕೊಂಡ್ ಬತ್ತಾನೆ."

ಭೈರೇಶ್ ನಾಲ್ವರು ಗೆಳೆಯರನ್ನು ಕರೆತಂದ. ಸಮಿತಿ ತುಂಬಿತು. ಅವರನ್ನು ಬರಮಾಡಿಕೊಳ್ಳಲು ಬಸವರಾಜೇಶ್ವರಿ ಕೋಸಂಬರಿ, ಮಜ್ಜಿಗೆ ಮಾಡಿಕೊಂಡು ಹೋದರು. ಒಬ್ಬೊಬ್ಬರ ಕೈಗೂ ಗುಲಾಬಿ ಕೊಟ್ಟು ಪಾರ್ಕೆಲ್ಲ ತೋರಿಸಿದರು. ನೀರಿನ ಪೈಪು ಎಲ್ಲಿ ಸೋರುತ್ತದೆ, ಯಾವ ಕಡೆಯಿಂದ ಕಸ ಎಸೆಯುತ್ತಾರೆ, ಎಲ್ಲ ಹೇಳಿದರು. ಹುಡುಗರು ಮರ್ಯಾದೆಯಿಂದ ಕೇಳಿಸಿಕೊಂಡರು. ತಮ್ಮ ಕಾಲ ಮುಗಿದರೂ ಪಾರ್ಕು ಉಳಿಯುತ್ತದೆ ಎಂದು ಬಸವರಾಜೇಶ್ವರಿಗೆ ಅಂದು ನಿಜವಾಗಿ ಅನಿಸಿತ್ತು.

ಮೊದಲ ಸಭೆಯಲ್ಲೇ ಭೈರೇಶ್ ಮಾತೆತ್ತಿದ. "ಮೇಡಂ, ಈ ಏರಿಯಾದಲ್ಲಿ ಹುಡುಗ್ರಿಗೆ ಆಡೋಕೆ ಜಾಗಾನೇ ಇಲ್ಲ. ಆ ಮೂಲೇಲಿ ಶಟಲ್ ಕೋರ್ಟ್ ಮಾಡೋಣ. ಮರ ತೆಗೆಯೋಕೆ ಪರ್ಮಿಷನ್‌ಗೆ ನಾನೇ ಓಡಾಡ್ತೀನಿ."

"ಮರ ತೆಗೆಯೋದಾ? ಅಲ್ಲಪ್ಪಾ, ಪಾರ್ಕ್ ನೋಡ್ಕೊಳ್ಳೋಕೆ ಅಂತ ತಾನೇ ನಿಮ್ಮನ್ನ ಕರೆದಿದ್ದು?"

"ನೋಡ್ಕೊಳ್ತಾನೇ ಇದೀವಲ್ಲ ಮೇಡಂ. ನಮ್ ಮಕ್ಕಳೂ ಇಲ್ಲೇ ಆಡೋರು."

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಅದೇ ಅವರನ್ನು ಹೆಚ್ಚು ಹೆದರಿಸಿತು. ಒಪ್ಪುವವರು ಕೈ ಎತ್ತಿ ಎಂದು ಭೈರೇಶ್ ಹೇಳಿದಾಗ ಗೆಳೆಯರೆಲ್ಲ ಎತ್ತಿದರು. ತಿಮ್ಮಯ್ಯ ನೆಲ ನೋಡುತ್ತ ಎತ್ತಿದರು.

ಬಸವರಾಜೇಶ್ವರಿ ಮತ್ತೆ ಮನೆ ಮನೆಗೆ ಹೋಗಿ, ಸಭೆಗೆ ಬಂದು ಮರಗಳ ಪರವಾಗಿ ಒಂದು ಮಾತು ಹೇಳಿ ಎಂದು ಬೇಡಿಕೊಂಡರು. ನಿಖಿತಾ ಗ್ರೂಪಿನಲ್ಲಿ ಅಳುವ ಮುಖದ ಚಿತ್ರ ಹಾಕಿದಳು. ರುದ್ರಮುನಿ, "ಅವರನ್ನ ಸೇರಿಸ್ಕೊಂಡವ್ರು ನೀವೇ ಅಲ್ರೀ?" ಎಂದರು.

ಅನುಮತಿ ಬಂತು. ಮರ ಕಡಿಯುವ ಯಂತ್ರದ ಸದ್ದು ಅಡುಗೆಮನೆಯವರೆಗೂ ಕೇಳಿತು. ಬಸವರಾಜೇಶ್ವರಿ ಹೊರಗೆ ಬರಲಿಲ್ಲ. ಸಂಜೆ ಭೈರೇಶ್‌ಗೆ ಫೋನ್ ಮಾಡಿ, ತಾವು ಸಮಿತಿ ಬಿಡುತ್ತಿರುವುದಾಗಿ ಹೇಳಿದರು. ಬಿಡಬೇಡಿ ಎಂದು ಅವನು ಎಷ್ಟೋ ಹೇಳಿ ನೋಡಿದ. ಆಮೇಲೆ ಅವರ ಜಾಗಕ್ಕೆ ಇನ್ನೊಬ್ಬ ಗೆಳೆಯನನ್ನು ಸೇರಿಸಿಕೊಂಡ.

ಕೋರ್ಟಿಗೆ ಸಿಮೆಂಟು ಬಿದ್ದ ವಾರ ತಿಮ್ಮಯ್ಯ ಮನೆ ಬಾಗಿಲಿಗೆ ಬಂದರು. ಒಳಗೆ ಬಂದರೂ ಬಹಳ ಹೊತ್ತು ನಿಂತೇ ಇದ್ದರು.

"ನಾನೇನ್ ಮಾಡ್ಲಮ್ಮ, ದಾಯಾದಿ ಮನೆ. ದಿನಾ ಮುಖ ನೋಡ್ಬೇಕು. ಮದ್ವೆ-ಸಾವು ಅಂದ್ರೆ ಅವ್ರೇ ಬರ್ಬೇಕು."

ಬಸವರಾಜೇಶ್ವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತೆನಿಸಿತು. ಒಳಗೆ ಹೋಗಿ ಕಾಫಿ ತಂದು ಎದುರಿಗಿಟ್ಟರು.

"ಕುಡೀರಿ, ಆರೋಗುತ್ತೆ," ಎಂದರು.