ಶಹಾಬಾದ್ ಹಾಸಿದ ಜಗುಲಿ

ಶಹಾಬಾದನ್ನು ನಾನು ಕಣ್ಣಾರೆ ಕಂಡಿದ್ದಕ್ಕಿಂತ ಇಂಗ್ಲಿಷಿನಲ್ಲಿ ಕೇಳಿದ್ದೇ ಹೆಚ್ಚು. ಅದು ಅಪ್ಪ ಅವ್ವನ ಊರು, ಕಲಬುರಗಿ ಹತ್ತಿರದ್ದು. ನಾನು ಹುಟ್ಟಿ ಬೆಳೆದದ್ದು ಗೋವಾದಲ್ಲಿ, ಈಗ ಕಲಂಗುಟ್‌ನ ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ಕೆಲಸ. ಇಲ್ಲಿ ಮನೆ ಕಟ್ಟಿಸುವವರು ಇಂಗ್ಲಿಷಿನಲ್ಲಿ ಮಾತಾಡುವಾಗ ಆ ಹೆಸರಿಗೆ ಕಲ್ಲು ಎಂಬ ಮಾತನ್ನೂ ಸೇರಿಸುವುದಿಲ್ಲ. ‘ಬಚ್ಚಲಿಗೆ ಶಹಾಬಾದ್ ಹಾಕೋಣ’, ‘ಹಳೆಯ ಶಹಾಬಾದ್ ಕಿತ್ತು ಬಿಸಾಡಿ’ ಎನ್ನುತ್ತಾರೆ. ರೈಲು ನಿಲ್ಲುವ, ಸಂತೆ ನಡೆಯುವ ಊರು ಇವರ ಬಾಯಲ್ಲಿ ನೆಲಕ್ಕೆ ಹಾಸುವ ಸಾಮಾನು! ಇವರಲ್ಲಿ ಎಷ್ಟು ಜನಕ್ಕೆ ಅದು ಊರೆಂದು ಗೊತ್ತು ಎಂಬ ಕುತೂಹಲ ನನಗೆ ಮೊದಲಿನಿಂದಲೂ ಇದೆ. ಒಮ್ಮೆ ಅತಿಥಿಯೊಬ್ಬರಿಗೆ ಹೇಳಿಯೂ ನೋಡಿದೆ. ‘ಹೌದಾ, ಆ ಹೆಸರಿನ ಊರೂ ಇದೆಯಾ?’ ಎಂದರು. ಊರೂ ಅಂತೆ.

ಅಪ್ಪ ಇದೇ ಕಲ್ಲನ್ನು, ಊರವರು ಪರಸಿ ಎನ್ನುವುದನ್ನು, ನೆಲಕ್ಕೆ ಹಾಸುವ ಗೌಂಡಿ. ಟೈಲ್ಸ್ ಬಂದ ಮೇಲೆ ಅವನ ಕೈಗೆ ಕಲ್ಲು ಸಿಗುವುದೇ ಅಪರೂಪವಾಗಿ, ಮಡ್ಕಯಿಯ ಕಾರ್ಖಾನೆಯೊಂದರಲ್ಲಿ ಮೂಟೆ ಇಳಿಸುತ್ತಿದ್ದ. ಅದನ್ನು ಅವನು ಒಂದು ದಿನವೂ ತನ್ನ ಕೆಲಸ ಎಂದವನಲ್ಲ. ಹಾಗಿರುವಾಗ, ಹಳೆ ಮನೆಯೊಂದನ್ನು ಗೆಸ್ಟ್‌ಹೌಸ್ ಮಾಡಿಸುತ್ತಿದ್ದ ಆರ್ಕಿಟೆಕ್ಟ್ ಮೇಡಂ ಅವನನ್ನು ಕರೆಸಿದರು. ಅವರ ಇಂಗ್ಲಿಷನ್ನು ತಿಳಿಸಿ ಹೇಳಲು ಮಗಳಾದ ನಾನೂ ಹೋದೆ. ಜಗುಲಿಗೆ ಸಾದಾ ಶಹಾಬಾದ್ ಸಾಕು, ಕೆಲಸ ಮನಸ್ಸಿಗೆ ಬಂದರೆ ಇನ್ನೂ ಮನೆಗಳಿವೆ ಎಂದರು. ನಾನು ಹಾಗೆಯೇ ಹೇಳಿದೆ. ಅಪ್ಪನ ಮುಖ ನೋಡಬೇಕಿತ್ತು. ಯಾರೋ ನಮ್ಮ ಮನೆತನವನ್ನು ಹುಡುಕಿಕೊಂಡು ಬಂದಂತೆ ಹಿಗ್ಗಿದ್ದ.

ಲಾರಿಯಲ್ಲಿ ಕಲ್ಲು ಬಂತು. ಅಪ್ಪನ ಊರ ಕಡೆ ಒರಟು ಪರಸಿಯನ್ನು ಹಾಗೇ ಹಾಸುವುದು ದನದ ಕೊಟ್ಟಿಗೆಗೆ. ಜನ ಕೂರುವ ಕಡೆ ತಿಕ್ಕಿ ಹೊಳಪು ತಂದೇ ಹಾಸಬೇಕು. ಅಪ್ಪ ಆ ಮನೆಯ ಹಿತ್ತಲಲ್ಲಿ ಸಾಣೆಕಲ್ಲು ಹಿಡಿದು ಕೂತ. ಅವ್ವ ನೀರು ಸುರಿಯುತ್ತಿದ್ದಳು.

“ಅಪ್ಪಾ, ಮೇಡಂ ಸಾದಾ ಅಂದಾರ,” ಎಂದೆ.

“ದೊಡ್ಡವರು ಸಂಕೋಚಕ್ಕ ಹಂಗ ಅಂತಾರವ್ವ. ನಮ್ಮೂರ ಹೆಸರು ತಗೊಂಡು ಕೇಳ್ಯಾರ. ಒರಟ ಹಾಕಿ ಕೊಟ್ರ ನಾಳಿ ಏನಂದಾರು?”

ಆ ಬೂದುಗಲ್ಲಿನಲ್ಲಿ ಅವ್ವನ ಬಳೆ ಕಾಣುವಷ್ಟು ತಿಕ್ಕಿದರು.

ಮೇಡಂ ಬಂದು ನೋಡಿ ತಲೆ ಹಿಡಿದುಕೊಂಡರು. ಕೆಟ್ಟವರಲ್ಲ, ದನಿ ಏರಿಸಲಿಲ್ಲ. ‘ಇದು ಶಹಾಬಾದ್ ಅಲ್ಲವೇ ಅಲ್ಲ’ ಎಂದರು, ಇಂಗ್ಲಿಷಿನಲ್ಲಿ. ಅವರ ಮಾತಿನಲ್ಲಿ ಆ ಹೆಸರೆಂದರೆ ಬರೀ ಕಲ್ಲೂ ಅಲ್ಲ, ಒರಟಾಗಿರಬೇಕು, ಹಳೇಕಾಲದ್ದೆನ್ನಿಸಬೇಕು. ಅದು ನನಗೆ ಆಗ ಹೊಳೆಯಿತು. ಶಹಾಬಾದಿನವನ ಎದುರೇ ನಿಂತು ಆಡಿದ ಆ ಮಾತನ್ನು ಅಪ್ಪನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. “ಬ್ಯಾರೆ ನಮೂನಿ ಬೇಕಂತ,” ಎಂದೆ. ಅಪ್ಪ ಒಂದು ಕಲ್ಲನ್ನು ಮಗುಚಿ ಅದರ ಉಬ್ಬುತಗ್ಗಿನ ಬೆನ್ನು ತೋರಿಸಿದ. ಮೇಡಂ ಮುಖ ಅರಳಿತು. ಇದೇ, ಇದೇ ಬೇಕಾಗಿತ್ತು ಎಂದರು.

ಮಗುಚಿದರಷ್ಟೇ ಸಾಲದು. ನುಣುಪು ಮುಖವನ್ನು ಸಿಮೆಂಟ್ ಹಿಡಿಯುವುದಿಲ್ಲ. ಅಪ್ಪ ಉಳಿ, ಸುತ್ತಿಗೆ ತೆಗೆದುಕೊಂಡು, ತಾನೇ ತಿಕ್ಕಿ ಹೊಳೆಸಿದ ಒಂದೊಂದು ಕಲ್ಲಿಗೂ ಕಚ್ಚು ಹಾಕತೊಡಗಿದ. ಅವ್ವ ನೋಡಲಾರದೆ ಎದ್ದು ಬಾವಿಯ ಕಡೆ ಹೋದಳು. ಆ ಮುಖಗಳನ್ನೆಲ್ಲ ಸಿಮೆಂಟಿಗೆ ಒತ್ತಿ ಅಪ್ಪ ಜಗುಲಿ ಮುಗಿಸಿದ.

ಕೊನೆಗೆ ಮೇಡಂ ಬಂದು ಚಪ್ಪಲಿ ಬಿಟ್ಟು ಅದರ ಮೇಲೆ ಓಡಾಡಿದರು. ಕೆಲಸ ಬಹಳ ಇಷ್ಟವಾಗಿದೆ, ಮುಂದಿನ ಮನೆಯೂ ಇವರಿಗೇ ಎಂದರು. ಇನ್ನು ಮೂಟೆ ಹೊರುವುದು ತಪ್ಪಿತಲ್ಲ ಎಂದು ನನಗೆ ಕುಣಿಯುವಷ್ಟು ಸಂತೋಷವಾಯಿತು.

“ಭಾಳ ಚಲೋ ಆಗೇತಂತಪ್ಪಾ. ಮುಂದಿನ ಮನಿ ಕೆಲಸಾನೂ ನಿನಗ ಅಂತ.”

ಅಪ್ಪ ಅಂಗೈಗೆ ಮೆತ್ತಿದ ಸಿಮೆಂಟನ್ನು ಉಜ್ಜಿಕೊಳ್ಳುತ್ತ, “ಯಾವ ಮಗ್ಗಲು ಚಲೋ ಆಗೇತಂತ, ಕೇಳವ್ವ,” ಎಂದ.

ಮೇಡಂ ನನ್ನ ಕಡೆ ನೋಡಿದರು.

ಅಪ್ಪ ಥ್ಯಾಂಕ್ಸ್ ಹೇಳುತ್ತಿದ್ದಾರೆ ಎಂದೆ.